ಗಡ್ಡಿ ರಾಣಿಯ ಕಡೆಯ ರೀಲು

"ಏ ಹುಡುಗಿ, ಕುದುರಿಗೆ ನೀರು ಎಲ್ಲಿ ಕುಡಿಸಬೇಕು, ತೋರ್ಸು."

ಕಳಕಮ್ಮ ತಲೆ ಎತ್ತಿ ನೋಡಿದಳು. ಬಿಳಿ ಕುದುರೆ. ಅದರ ಮೇಲೆ ಜರಿಯ ರುಮಾಲು ಸುತ್ತಿದ ತರುಣ. ತುಂಗಭದ್ರೆ ಅವನ ಕಣ್ಣೆದುರೇ ಹರಿಯುತ್ತಿದ್ದಳು, ಆದರೂ ಅವಳನ್ನು ಕೇಳುತ್ತಿದ್ದ.

"ಕುದುರಿಗೋ, ಮ್ಯಾಲೆ ಕುಂತ ಕತ್ತಿಗೋ?" ಎಂದಳು.

ದಂಡೆಯಲ್ಲಿದ್ದವರೆಲ್ಲ ನಕ್ಕರು. ತರುಣನ ಕಿವಿ ಕೆಂಪಾಯಿತು. ಮಾಸಿದ ಸೀರೆ ಉಟ್ಟು ಹರಿಗೋಲಿನ ಪಕ್ಕ ಕುಳಿತವಳು ಕೂಲಿಯ ಹುಡುಗಿಯಲ್ಲ, ಸಿನಿಮಾದ ನಾಯಕಿ ಎಂದು ಯಾರೋ ಅವನ ಕಿವಿಯಲ್ಲಿ ಹೇಳಿದರು. ಅವನು ತಪ್ಪಾಯಿತು ಎನ್ನಬಹುದಿತ್ತು. ಅವಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಸಿನಿಮಾದವರಿಗೆ ಬ್ಯಾರೆ ಯಾರೂ ಸಿಗ್ಲಿಲ್ಲೇನು?" ಎಂದುಬಿಟ್ಟ.

ಅದು ೧೯೩೧ರ ಚಳಿಗಾಲ. ಮುಂಬೈಯ ಕಂಪನಿಯೊಂದು ಮೂಕಿ ಚಿತ್ರ ತೆಗೆಯಲು ತುಂಗಭದ್ರೆಯ ನಡುಗಡ್ಡೆ ವಿರೂಪಾಪುರಗಡ್ಡೆಗೆ ಬಂದು ಬಿಡಾರ ಹೂಡಿತ್ತು. ಅಂಬಿಗರ ಹುಡುಗಿಯನ್ನು ರಾಜಕುಮಾರನೊಬ್ಬ ಮೋಹಿಸುವ ಕಥೆ. ಹಿಂದುಸ್ತಾನಿಯಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಗಡ್ಡೆಯ ಜನ ಮಾತ್ರ 'ಗಡ್ಡಿ ರಾಣಿ' ಎಂದು ಕರೆದು ಮುಗಿಸಿದ್ದರು.

ಕಳಕಮ್ಮ ಇಟಗಿಯವಳು. ಹಾರ್ಮೋನಿಯಂ ಮಾಸ್ತರನ ಮಗಳು. ಅಪ್ಪ ತೀರಿಕೊಂಡ ಮೇಲೆ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದಳು. ಕುದುರೆಯ ತರುಣ ಹಂಪಣ್ಣ, ಗಂಗಾವತಿಯ ದೊಡ್ಡ ಅಕ್ಕಿ ವ್ಯಾಪಾರಿಯ ಮಗ. ಶೂಟಿಂಗ್ ನೋಡುವ ಆಸೆಗೆ ಮನೆಯ ಕುದುರೆಯನ್ನು ಕಂಪನಿಗೆ ತಂದುಕೊಟ್ಟಿದ್ದ.

ಆ ಕುದುರೆ ಮುಂಬೈಯ ನಾಯಕನನ್ನು ಮೊದಲ ದಿನವೇ ಬಂಡೆಯ ಮೇಲೆ ಕೆಡವಿತು. ಭುಜದ ಎಲುಬು ಮುರಿಯಿತು. ಡೈರೆಕ್ಟರ್ ಸೇಠ್ ತಲೆಯ ಮೇಲೆ ಕೈಹೊತ್ತು ಕುಳಿತವರು, ಸ್ವಲ್ಪ ಹೊತ್ತಿನ ನಂತರ ಹಂಪಣ್ಣನತ್ತ ಬೆರಳು ತೋರಿಸಿದರು.

"ನನಗ ನಾಟಕ ಗೀಟಕ ಬರೂದಿಲ್ರಿ," ಎಂದ ಹಂಪಣ್ಣ.

"ಮೂಕಿ ಚಿತ್ರ ಐತ್ರಿ ಸಾವ್ಕಾರ್ರ," ಎಂದ ರಸೂಲಸಾಬ. ಕೊಪ್ಪಳದವನು, ಕನ್ನಡ ಬಾರದ ಸೇಠ್‌ಗೂ ಹಿಂದುಸ್ತಾನಿ ಬಾರದ ಊರವರಿಗೂ ನಡುವೆ ಅವನೇ ದುಭಾಷಿ. "ತುಟಿ ಅಲ್ಲಾಡಿದ್ರ ಸಾಕಂತ. ಬಾಯಿಗೆ ಬಂದದ್ದು ಮಾತಾಡ್ರಿ. ಯಾರಿಗೆ ಕೇಳತೈತಿ?"

ಅದೊಂದು ಮಾತು ಹಂಪಣ್ಣನ ತಲೆಯಲ್ಲಿ ಚೆನ್ನಾಗಿ ಕುಳಿತಿತು.

ಮೊದಲ ಪ್ರೇಮದ ದೃಶ್ಯ ಭತ್ತದ ಗದ್ದೆಯ ಬದುವಿನಲ್ಲಿ. ಸೇಠ್ ಕೈ ಎತ್ತಿದರು. ಕ್ಯಾಮೆರಾದ ಹಿಡಿ ಗರಗರ ತಿರುಗಿತು. ಹಂಪಣ್ಣ ಹೇಳಿಕೊಟ್ಟಂತೆ ಒಂದೇ ಬೆರಳಿನಲ್ಲಿ ಅವಳ ಗಲ್ಲ ಎತ್ತಿದ. ಕಣ್ಣುಗಳಲ್ಲಿ ಬೆಳದಿಂಗಳು ಸುರಿಯುವಂತೆ ನೋಡಿದ. ಆಮೇಲೆ ಮೆಲ್ಲಗೆ, ಜೇನು ಇಳಿಸಿದಂಥ ದನಿಯಲ್ಲಿ ಹೇಳಿದ:

"ನಮ್ಮ ಮನಿ ಎಮ್ಮಿ ನಿನಕಿಂತ ಚಂದ ನಗತೈತಿ."

ಕಳಕಮ್ಮನ ರೆಪ್ಪೆ ಒಂದು ಕ್ಷಣ ನಡುಗಿತು. ಅವಳು ನಟಿ. ನಾಚಿ ತಲೆ ತಗ್ಗಿಸಿ, ಓರೆಗಣ್ಣಿನಲ್ಲಿ ಅವನನ್ನು ನೋಡಿ, ಸೆರಗಿನ ತುದಿ ಕಚ್ಚಿ ಬಿಟ್ಟು, ಅಷ್ಟೇ ಮೆಲ್ಲಗೆ ಉತ್ತರಿಸಿದಳು:

"ನಿಮ್ಮ ಮನ್ಯಾಗ ಚಂದ ಇರೂದು ಅದೊಂದ ಅಂತ ಕಾಣ್ತೈತಿ."

"ನಿನ್ನ ಬಾಯಿ ಮುಚ್ಚಸೂ ಗಂಡು ಹುಟ್ಟಿಲ್ಲ ಬಿಡು."

"ಹುಟ್ಟಿದ್ರೂ ಗಂಗಾವತ್ಯಾಗಂತೂ ಹುಟ್ಟಿಲ್ಲ."

ಸೇಠ್ ಕಣ್ಣೊರೆಸಿಕೊಂಡರು. ಏನು ಮಾತಾಡುತ್ತಿದ್ದಾರೆ ಎಂದು ರಸೂಲಸಾಬನನ್ನು ಕೇಳಿದರು.

"ಮೊಹಬ್ಬತ್, ಸೇಠ್‌ಜೀ," ಎಂದ ರಸೂಲಸಾಬ, ಮುಖದ ಒಂದು ಗೆರೆಯನ್ನೂ ಸಡಿಲಿಸದೆ. "ಬರೇ ಮೊಹಬ್ಬತ್."

ಹೀಗೇ ನಡೆಯಿತು. ಬೆಳದಿಂಗಳ ದೃಶ್ಯದಲ್ಲಿ ಅವಳು ಅವನ ಅಕ್ಕಿ ಅಂಗಡಿಯ ತಕ್ಕಡಿಯನ್ನು ಬೈದಳು. ವಿರಹದ ದೃಶ್ಯದಲ್ಲಿ ಅವನು ಅವಳ ನಡಿಗೆಯನ್ನು ಕಾಲುಳುಕಿದ ಬಾತುಕೋಳಿಗೆ ಹೋಲಿಸಿದ. ಕ್ಯಾಮೆರಾ ನಿಂತಾಗ ಇಬ್ಬರೂ ಮಾತೇ ಆಡುತ್ತಿರಲಿಲ್ಲ. ಅವನು ಬಂಡೆಯ ಆ ಬದಿಗೆ, ಅವಳು ಈ ಬದಿಗೆ ಕುಳಿತು ಉಣ್ಣುತ್ತಿದ್ದರು.

ಒಂದು ದಿನ ಹರಿಗೋಲು ಸುಳಿಗೆ ಸಿಕ್ಕು ಗಿರ್ರನೆ ತಿರುಗಿತು. ಹಂಪಣ್ಣ ಅವಳ ಮುಂಗೈ ಹಿಡಿದ. ಹರಿಗೋಲು ನಿಂತ ಮೇಲೂ ಬಿಡಲಿಲ್ಲ.

"ಸುಳಿ ಹೋತು," ಎಂದಳು ಕಳಕಮ್ಮ.

"ಗೊತ್ತೈತಿ," ಎಂದು ಕೈ ಬಿಟ್ಟ. ಮುಖ ತಿರುಗಿಸಿ, "ಬಿದ್ದಿದ್ರ ನಿನ್ನ ಹುಡುಕಾಕ ಮತ್ತ ನಾನ ಈಜಬೇಕಾಗತಿತ್ತು, ಅದಕ್ಕ," ಎಂದು ಸೇರಿಸಿದ.

ಅಂದಿನಿಂದ ಅವಳು ಮರುದಿನದ ಬೈಗುಳವನ್ನು ಮುಂಚೆಯೇ ಹೊಂದಿಸಿಟ್ಟುಕೊಳ್ಳತೊಡಗಿದಳು. ತಲೆ ಬಾಚುವಾಗ, ಹೊಳೆಯಲ್ಲಿ ಮುಖ ತೊಳೆಯುವಾಗ. ಅವನು ಏನು ತಿರುಗೇಟು ಕೊಟ್ಟಾನು ಎಂದು ನೆನೆದು ತುಟಿಯಲ್ಲೇ ನಗುತ್ತಿದ್ದಳು. ಅದು ಬೇರೆ ಏನೋ ಆಗುತ್ತಿದೆ ಎಂದು ಅವಳಿಗೆ ಹೊಳೆದ ದಿನವೇ ಹಂಪಣ್ಣನ ತಾಯಿ ಬಂದಳು.

ಪಾರ್ವತೆಮ್ಮ ಹೇಮಗುಡ್ಡದ ದುರ್ಗವ್ವನಿಗೆ ಉಡಿ ತುಂಬಿ, ಹಾಗೆಯೇ ಬಂಡಿ ಕಟ್ಟಿಸಿಕೊಂಡು ಮಗನನ್ನು ನೋಡಲು ಬಂದಿದ್ದಳು. ಮಗ ಆಗ ಕಳಕಮ್ಮನ ಜಡೆಯಲ್ಲಿ ಸಿಕ್ಕಿಕೊಂಡ ಭತ್ತದ ಗರಿಯನ್ನು ತೆಗೆಯುತ್ತಿದ್ದ. ಕ್ಯಾಮೆರಾ ತಿರುಗುತ್ತಿರಲಿಲ್ಲ.

"ಯಾರಕಿ?" ಎಂದಳು ಪಾರ್ವತೆಮ್ಮ.

ಹಂಪಣ್ಣನ ಕೈ ಥಟ್ಟನೆ ಕೆಳಗಿಳಿಯಿತು. "ಯಾರೋ, ಬೇ. ನಾಟಕದಾಕಿ. ಕೂಲಿಗೆ ಕರಿಸ್ಯಾರ."

ಎದುರಿಗೇ ನಿಂತವಳಿಗೆ ಅದು ಕೇಳಿಸಿತು. ಇಷ್ಟು ದಿನ ಅವನಾಡಿದ ಯಾವ ಬೈಗುಳವೂ ಚರ್ಮ ದಾಟಿ ಒಳಗೆ ಹೋಗಿರಲಿಲ್ಲ. ಇದು ಹೋಯಿತು.

ಮರುದಿನ ಕಡೆಯ ದೃಶ್ಯ. ನಾಯಕಿ ರಾಜಕುಮಾರನನ್ನು ಬಿಟ್ಟು ಹರಿಗೋಲಿನಲ್ಲಿ ಹೊಳೆ ದಾಟಿ ಹೋಗಬೇಕು. ಹಂಪಣ್ಣ ದಂಡೆಯಲ್ಲಿ ಅವಳ ಹತ್ತಿರ ಬಂದ. "ಕಳಕಾ, ನಿನ್ನಿ ಮಾತು…"

"ಕೂಲ್ಯಾಕಿ ಜೋಡಿ ಏನ್ರಿ ಮಾತು?" ಎಂದು ಅವಳು ಹರಿಗೋಲು ಹತ್ತಿದಳು.

ಕ್ಯಾಮೆರಾ ತಿರುಗಿತು. ಹರಿಗೋಲು ಸಣ್ಣದಾಗುತ್ತ ಹಂಪಿಯ ದಂಡೆ ಮುಟ್ಟಿತು. ಅವಳು ಇಳಿದಳು, ಮರಳಿ ಬರಲಿಲ್ಲ. ನಡೆದೇ ಹೊಸಪೇಟೆಗೆ ಹೋಗಿ, ರೈಲು ಹತ್ತಿ, ಬನ್ನಿಕೊಪ್ಪದಲ್ಲಿಳಿದು ಇಟಗಿಯ ಮನೆ ಸೇರಿದಳು. ಇತ್ತ ಸೇಠ್, ದೂರ ಹೋಗುವ ಹರಿಗೋಲನ್ನು ನೋಡುವ ನಾಯಕನ ಮುಖವನ್ನು ಹತ್ತಿರದಿಂದ ತೆಗೆದು ಚಿತ್ರ ಮುಗಿಸಿದರು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಂಪಣ್ಣ ಇಟಗಿಗೆ ಬಂದ. ಮಹಾದೇವ ದೇವಾಲಯದ ಹಿಂದಿನ ಓಣಿಯಲ್ಲಿ, ಅವಳ ಬಾಗಿಲಲ್ಲಿ ನಿಂತ.

"ಗುಡಿ ಆ ಕಡೆ ಐತಿ," ಎಂದಳು ಕಳಕಮ್ಮ.

"ನಾ ಗುಡಿ ನೋಡಾಕ ಬಂದಿಲ್ಲ."

"ಹಂಗಾರ ಕೂಲ್ಯಾರು ಬೇಕೇನು? ಸಂತ್ಯಾಗ ಸಿಗ್ತಾರ."

ಅವನು ಏನನ್ನೋ ಹೇಳಲು ಬಂದಿದ್ದ, ಬಾಯಿಂದ ಬೇರೆಯೇ ಹೊರಟಿತು. "ಕೆಲಸ ಅರ್ಧಕ್ಕ ಬಿಟ್ಟು ಓಡಿ ಬಂದಾಕಿಗೆ ಇಷ್ಟು ಸೊಕ್ಕು ಇರಬಾರ್ದು."

ಅವಳು ಬಾಗಿಲು ಹಾಕಿದಳು. ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು, ಅವನ ಹೆಜ್ಜೆಯ ಸಪ್ಪಳ ಓಣಿ ದಾಟುವವರೆಗೂ ನಿಂತಳು. ಸಪ್ಪಳ ಹೊರಡಲು ಬಹಳ ಹೊತ್ತು ಹಿಡಿಯಿತು.

ಎರಡು ವರ್ಷ ಕಳೆದವು. ಮುಂಬೈಯಲ್ಲಿ ಮಾತಾಡುವ ಚಿತ್ರಗಳು ಬಂದು ಮೂಕಿ ಕಂಪನಿಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದವು. ರಸೂಲಸಾಬ ಕೊಪ್ಪಳದಲ್ಲಿ ಸ್ವಂತ ಟೆಂಟ್ ಹಾಕಿ, ಮುಚ್ಚಿದ ಕಂಪನಿಗಳ ಹಳೆಯ ಚಿತ್ರಗಳನ್ನು ಅಗ್ಗಕ್ಕೆ ತಂದು ತೋರಿಸುತ್ತಿದ್ದ. ಆ ಬೇಸಿಗೆಯಲ್ಲಿ 'ಗಡ್ಡಿ ರಾಣಿ'ಯೂ ಬಂದಿತು.

ಕಳಕಮ್ಮನಿಗೆ ಹೋಗುವ ಮನಸ್ಸಿರಲಿಲ್ಲ. ಹಟ ಹಿಡಿದವಳು ಅವಳನ್ನು ಸಾಕಿದ ಚಿಗವ್ವ, ಮಾಳವ್ವ. ಸಣ್ಣವಳಿದ್ದಾಗ ಜ್ವರ ಬಂದು ಮಾಳವ್ವನ ಕಿವಿ ಹೋಗಿತ್ತು. ಮಾತು ಉಳಿದಿತ್ತು, ಎಷ್ಟು ಗಟ್ಟಿಯಾಗಿ ಆಡುತ್ತೇನೆಂಬ ಅಂದಾಜು ಉಳಿದಿರಲಿಲ್ಲ. ಎದುರಿನವರ ತುಟಿ ನೋಡಿಯೇ ಅವರ ಮಾತು ಹಿಡಿಯುತ್ತಿದ್ದಳು. ಕಳಕಮ್ಮನ ನಾಟಕಗಳಿಗೆ ಹೋಗಿ, ದೂರದ ತುಟಿಗಳು ಕಾಣದೆ ಬೇಸತ್ತು ಎದ್ದು ಬಂದಿದ್ದಳು. "ಇದರಾಗ ಯಾರಿಗೂ ಏನೂ ಕೇಳ್ಸೂದಿಲ್ಲಂತ. ಎಲ್ಲಾರೂ ನನ್ನಂಗ. ನಾ ನೋಡಾಕ ಬೇಕು," ಎಂದಳು.

ಹೊತ್ತು ಮುಳುಗುವಾಗ ಟೆಂಟಿನೊಳಗೆ ದೀಪ ಆರಿತು. ಹೆಂಗಸರ ಕಡೆ ಮುಂದಿನ ಚಾಪೆಯಲ್ಲಿ ಕಳಕಮ್ಮ ಸೆರಗು ಮುಂದೆ ಎಳೆದುಕೊಂಡು ಕುಳಿತಳು. ಗಂಡಸರ ಕಡೆ, ಕಂಬಕ್ಕೆ ಒರಗಿದ ಜರಿ ರುಮಾಲು ಅವಳಿಗೆ ಕಂಡಿತು. ಕಂಡೂ ಕಾಣದಂತೆ ಮುಖ ತಿರುಗಿಸಿದಳು.

ಪರದೆಯ ಮೇಲೆ ಭತ್ತದ ಗದ್ದೆ ತೂಗಿತು. ಪರದೆಯ ಪಕ್ಕದ ಹಾರ್ಮೋನಿಯಂ ಮೋಹನ ರಾಗ ಎತ್ತಿತು. ರಾಜಕುಮಾರ ಒಂದೇ ಬೆರಳಿನಲ್ಲಿ ಅಂಬಿಗರ ಹುಡುಗಿಯ ಗಲ್ಲ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು ತುಟಿ ಅಲ್ಲಾಡಿಸಿದ. ಟೆಂಟಿಗೆ ಟೆಂಟೇ ಉಸಿರು ಹಿಡಿದಿತ್ತು.

"ಅಯ್ಯ! ಇವ ನಿನಗ ಎಮ್ಮಿ ಅಂದ!" ಎಂದಳು ಮಾಳವ್ವ.

ಅವಳ ದನಿ ಟೆಂಟಿನ ಕೊನೆಯವರೆಗೂ ಹೋಯಿತು. ಗಂಡಸರ ಕಡೆಯಿಂದ ನಗೆಯ ಅಲೆ ಎದ್ದಿತು.

"ಆಕಿ ಏನಂದ್ಲು ಬೇ?" ಯಾರೋ ಕೂಗಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ಅದನ್ನೇ ಮಾಳವ್ವನಿಗೆ ಕೇಳಿದಳು.

ಮಾಳವ್ವ ಹೇಳಿದಳು. ಕಳಕಮ್ಮ ಅವಳ ಬಾಯಿಗೆ ಕೈ ಅಡ್ಡ ತಂದರೆ ಕೈ ಸರಿಸಿ ಮತ್ತೆ ಹೇಳಿದಳು. ತಕ್ಕಡಿ, ಬಾತುಕೋಳಿ, ಗಂಗಾವತಿಯ ಗಂಡಸರು, ಎಲ್ಲ ಬಂತು. ನಕ್ಕು ನಕ್ಕು ಹಾರ್ಮೋನಿಯಂನವನು ಬಾರಿಸುವುದನ್ನೇ ಬಿಟ್ಟ. "ಎಮ್ಮಿ ರಾಣಿ! ಎಮ್ಮಿ ರಾಣಿ!" ಎಂದು ಹಿಂದಿನಿಂದ ಕೂಗು ಎದ್ದಿತು. ಕಳಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಣ್ಣ ಹಚ್ಚಿ ಗಳಿಸಿದ ಹೆಸರು ಒಂದೇ ಸಂಜೆಯಲ್ಲಿ ಹೋಗುತ್ತಿತ್ತು. ನಾಳೆ ಯಾವ ರಂಗದ ಮೇಲೆ ನಿಂತರೂ ಯಾರಾದರೊಬ್ಬ ಎಮ್ಮೆಯಂತೆ ಕೂಗದಿರುವುದಿಲ್ಲ.

ಕಡೆಯ ರೀಲು ಬಂತು. ಹರಿಗೋಲು ದೂರವಾಯಿತು. ರಾಜಕುಮಾರನ ಮುಖ ಪರದೆ ತುಂಬಿತು.

"ಏ ಯವ್ವಾ, ಈಗೇನಂದ?" ಎಂದು ಕೂಗಿದರು.

ಮಾಳವ್ವನಿಂದ ಉತ್ತರ ಬರಲಿಲ್ಲ. ಮುಂದಿನವಳು ಮೊಣಕೈ ಹಿಡಿದು ಅಲುಗಿಸಿದರೂ ಬರಲಿಲ್ಲ. "ಗೊತ್ತಾಗ್ಲಿಲ್ಲ," ಎಂದಳು ಕೊನೆಗೆ, ಯಾವತ್ತೂ ಇಲ್ಲದಷ್ಟು ಮೆಲ್ಲಗೆ.

ಗವಿಮಠದ ಹತ್ತಿರದ ಪರಿಚಯದವರ ಮನೆಗೆ ನಡೆಯುವಾಗ ಕಳಕಮ್ಮ ಅವಳ ಮುಂದೆ ಬಂದು ನಿಂತಳು, ತುಟಿ ಕಾಣುವಂತೆ. "ಇಡೀ ಊರ ಮುಂದ ನನ್ನ ಮಾನ ಕಳದಿ. ಕಡೀಕ ಯಾಕ ಸುಮ್ಮನಾದಿ?"

"ಬೈಗಳ ಮಂದಿಗೆ ಹೇಳಬೌದು," ಎಂದಳು ಮಾಳವ್ವ. "ಆ ಮಾತು ನಿನ್ನ ಪಾಲಿಂದು. 'ಕಳಕಾ, ತಪ್ಪಾತು. ಹೊಳ್ಳಿ ಬಾ,' ಅಂದ. ಅಂದದ್ದ ಅಂದ. ಕಣ್ಣಾಗ ನೀರು ಇತ್ತು."

ಕಳಕಮ್ಮ ಬೀದಿಯಲ್ಲೇ ನಿಂತುಬಿಟ್ಟಳು. ಎದೆಯಲ್ಲಿ ಎದ್ದದ್ದು ಸಂತೋಷವೆಂದುಕೊಂಡಳು. ಬಾಯಿಗೆ ಬಂದಾಗ ಅದು ಸಿಟ್ಟಾಗಿತ್ತು.

"ನನಗ ಹೇಳೂದು ಬಿಟ್ಟು ಮಷೀನಿಗೆ ಹೇಳ್ಯಾನ! ಇಟಗಿ ತನಕ ಬಂದು ಸೊಕ್ಕು ಅಂದ. ಮಷೀನಿನ ಮುಂದ ತಪ್ಪಾತಂತ!" ಮುಖ ಮುಚ್ಚಿಕೊಂಡಿದ್ದರಿಂದ ಅವಳು ಅದನ್ನು ನೋಡಿರಲಿಲ್ಲ. ನಾಳೆಯ ಆಟದಲ್ಲಿ ತನ್ನ ಕಣ್ಣಾರೆ ನೋಡಬೇಕು. ಎಲ್ಲ ನಗಲಿ. ಅವನ ತುಟಿ ನೋಡಲೇಬೇಕು.

ಮರುದಿನ ಮಧ್ಯಾಹ್ನ ಊರಲ್ಲಿ ಹೊಗೆಯ ವಾಸನೆ. ಇಬ್ಬರೂ ಓಡಿದರು. ಟೆಂಟಿನ ಜಾಗದಲ್ಲಿ ಕಪ್ಪು ಗೂಟಗಳು ನಿಂತಿದ್ದವು. ರೀಲು ಸುತ್ತುವಾಗ ಎಲ್ಲಿಂದಲೋ ಕಿಡಿ ಹಾರಿತ್ತಂತೆ, ಸಿಡಿಮದ್ದಿನಂತೆ ಹೊತ್ತಿಕೊಂಡಿತಂತೆ. ರಸೂಲಸಾಬ ಬೂದಿಯ ನಡುವೆ ಕುಳಿತಿದ್ದ.

"ಹೋತ್ರಿ ಅಕ್ಕಾರ," ಎಂದ. "ಮುಂಬೈದಾಗ ಕಂಪನಿ ಮುಚ್ಚ್ಯಾರ. ಸೇಠ್ ಸತ್ತಾರ. ಜಗತ್ತಿನ್ಯಾಗ ಇದೊಂದ ಉಳಿದಿತ್ತು." ಆಮೇಲೆ ಪಕ್ಕಕ್ಕೆ ಕೈ ತೋರಿಸಿದ. "ಈ ಹುಚ್ಚನ್ನ ನೋಡ್ರಿ. ಕಡೀ ಡಬ್ಬಿ ತರ್ತೀನಂತ ಬೆಂಕ್ಯಾಗ ಹೋಗ್ಯಾನ."

ಬೇವಿನ ನೆರಳಲ್ಲಿ ಹಂಪಣ್ಣ ಕುಳಿತಿದ್ದ. ರುಮಾಲಿಲ್ಲ. ಮುಖಕ್ಕೆ ಮಸಿ. ಬಲಗೈಗೆ ಒದ್ದೆ ಬಟ್ಟೆ. ಕಾಲ ಬಳಿ ತಗಡಿನ ಡಬ್ಬಿ, ಅದರೊಳಗೆ ಕರಗಿ ಗಟ್ಟಿಯಾದ ಕಪ್ಪು ಮುದ್ದೆ.

ಕಳಕಮ್ಮ ಅವನ ಕೈಯನ್ನೇ ನೋಡುತ್ತ ಹತ್ತಿರ ಬಂದಳು. ಮಾತು ಮಾತ್ರ ಒರಟಾಗಿಯೇ ಬಂತು. "ಯಾಕ ಹೋಗಿದ್ದಿ?"

"ಅದರಾಗ ನೀ ಇದ್ದಿ."

"ಅದು ಚಿತ್ರ. ನಾ ಇಟಗ್ಯಾಗ ಇದ್ದೆ, ಜೀವಂತ."

ಹಂಪಣ್ಣ ತಲೆ ತಗ್ಗಿಸಿದ.

"ಕಡೀ ರೀಲಿನ್ಯಾಗ ಏನಂದಿದ್ದಿ?"

"ಏನಿಲ್ಲ. ತುಟಿ ಅಲ್ಲಾಡ್ಸಿದ್ದೆ."

"ನಮ್ಮ ಚಿಗವ್ವ ನೋಡ್ಯಾಳ."

ಅವನು ಗಾಬರಿಯಿಂದ ಮಾಳವ್ವನ ಕಡೆ ನೋಡಿದ. ಮಾಳವ್ವ ತಲೆಯಾಡಿಸಿದಳು. ಅವನ ಕಿವಿ ಕೆಂಪಾಯಿತು, ಮಸಿಯ ಒಳಗಿನಿಂದಲೂ ಕಾಣುವಷ್ಟು.

"ನೋಡಿದ್ರ ಮತ್ತ ಯಾಕ ಕೇಳ್ತಿ?"

"ಪರದೆ ಸುಟ್ಟು ಹೋತು. ಇನ್ನ ಬಾಯಿ ಬಿಟ್ಟು ಹೇಳಬೇಕು."

"ಹೇಳ್ತೀನಿ. ಕಳಕಾ, ತಪ್ಪ…"

"ಇಲ್ಲಲ್ಲ," ಎಂದು ಅವಳು ತಡೆದಳು. "ಬೂದಿ ಮುಂದ ಯಾರರೆ ಹೇಳ್ತಾರ. ನೀ ನನ್ನ ಕೂಲ್ಯಾಕಿ ಅಂದಿದ್ದು ಯಾರ ಮುಂದ? ಅವರ ಮುಂದ ಹೇಳು. ಇಲ್ಲಾಂದ್ರ ಇದನ್ನ ಇಟ್ಟುಕೊಂಡು ಪೂಜಾ ಮಾಡು."

ಡಬ್ಬಿಯನ್ನು ಕಾಲಿನಿಂದ ಅವನತ್ತ ಸರಿಸಿ ಹೊರಟಳು. ಅವನು ಹಿಂದೆ ಬರಲಿಲ್ಲ. ರೈಲಿನಲ್ಲಿ ಕಿಟಕಿಯತ್ತ ಮುಖ ಮಾಡಿ ಅತ್ತಳು. ಮಾಳವ್ವ ನೋಡಿಯೂ ನೋಡದಂತೆ ಎಲೆ ಅಡಿಕೆ ಹಾಕಿಕೊಂಡಳು.

ಮುಂಗಾರಿನ ಮೊದಲ ಮಳೆ ಬಿದ್ದು ಕರಿನೆಲ ಮೆತ್ತಗಾಗಿದ್ದ ಒಂದು ಬೆಳಿಗ್ಗೆ ಓಣಿಯಲ್ಲಿ ಬಂಡಿಯ ಗಂಟೆ ಕೇಳಿಸಿತು. ಕಳಕಮ್ಮ ಬಾಗಿಲಿಗೆ ಬಂದಳು. ಬಂಡಿಯಲ್ಲಿ ಪಾರ್ವತೆಮ್ಮ ನೆಟ್ಟಗೆ ಕುಳಿತಿದ್ದಳು. ಹಂಪಣ್ಣ ಬನ್ನಿಕೊಪ್ಪದ ಸ್ಟೇಷನ್ನಿನಿಂದ ಪಕ್ಕದಲ್ಲಿ ನಡೆದು ಬಂದಿದ್ದ. ಚಪ್ಪಲಿಗೆ ಕೆಸರು ಮೆತ್ತಿತ್ತು.

"ಇಳಿ ಬೇ," ಎಂದ.

"ಇಳಿಯಂಗಿಲ್ಲ. ದೇವರ ದರ್ಶನ ಅಂತ ಸುಳ್ಳು ಹೇಳಿ ಕರಕೊಂಡು ಬಂದೀದಿ. ಹೇಳೂದೇನೈತಿ, ಇಲ್ಲೇ ಹೇಳು."

ಹಂಪಣ್ಣ ಬಂಡಿಗೂ ಬಾಗಿಲಿಗೂ ನಡುವೆ ನಿಂತ. ತುಟಿ ಅಲ್ಲಾಡಿತು. ದನಿ ಹೊರಡಲಿಲ್ಲ.

"ಕೇಳ್ಸಲಿಲ್ಲ," ಎಂದಳು ಕಳಕಮ್ಮ.

ಅಕ್ಕಪಕ್ಕದ ಬಾಗಿಲುಗಳು ತೆರೆದವು. ಹಂಪಣ್ಣ ಒಮ್ಮೆ ಕಣ್ಣು ಮುಚ್ಚಿ ತೆರೆದ.

"ಗಡ್ಡ್ಯಾಗ ಈಕಿ ಯಾರಂತ ಕೇಳಿದ್ದಿ. ಯಾರೋ ಅಂದಿದ್ದೆ. ನಿನಗಂಜಿ ಸುಳ್ಳು ಹೇಳಿದ್ದೆ, ಬೇ. ಈಕಿ ಕಳಕಮ್ಮ. ನಾ ಈಕಿನ್ನ ಬಿಟ್ಟು ಯಾರನ್ನೂ ಮದುವಿ ಆಗಂಗಿಲ್ಲ. ಈಕಿ ಒಪ್ಪದಿದ್ರೂ ಆಗಂಗಿಲ್ಲ." ಆಮೇಲೆ ಬಾಗಿಲಿನತ್ತ ತಿರುಗಿದ. ದನಿ ಒಡೆಯಿತು, ಆದರೆ ಓಣಿಗೆಲ್ಲ ಕೇಳಿಸಿತು. "ಕಳಕಾ, ತಪ್ಪಾತು."

ಪಾರ್ವತೆಮ್ಮ ಕಳಕಮ್ಮನ ಮುಖವನ್ನು ದಿಟ್ಟಿಸಿದಳು. ಕಳಕಮ್ಮನೂ ಕಣ್ಣು ಕೆಳಗಿಳಿಸಲಿಲ್ಲ.

"ಹಂಗಾರ ಇಲ್ಲೇ ಬಿದ್ದಿರು," ಎಂದಳು ಕೊನೆಗೆ ಮಗನಿಗೆ. "ನನ್ನ ಹೊಸ್ತಿಲಾ ತುಳೀಬ್ಯಾಡ. ಏ, ಬಂಡಿ ಹೊಡಿಯೋ."

ಬಂಡಿ ತಿರುಗಿತು. ಗಂಟೆಯ ಸದ್ದು ದೇವಾಲಯದ ಮೂಲೆ ದಾಟಿ ಸಣ್ಣದಾಯಿತು. ಹಂಪಣ್ಣ ನೋಡುತ್ತ ನಿಂತ. ಕಳಕಮ್ಮ ಅವನ ಕಾಲುಗಳನ್ನೇ ನೋಡುತ್ತಿದ್ದಳು. ಅವು ಕೆಸರಿನಿಂದ ಕದಲಲಿಲ್ಲ.

"ಓಡಿದ್ರ ಇನ್ನೂ ಸಿಗ್ತಾರ," ಎಂದಳು.

"ಗೊತ್ತೈತಿ."

"ಮನಿ, ಅಂಗಡಿ, ಎಲ್ಲಾ ಆ ಬಂಡಿ ಹಿಂದ ಹೋತು."

"ಹೋಗ್ಲಿ. ರಸೂಲಸಾಬ ಮತ್ತ ಟೆಂಟ್ ಹಾಕಾವ ಅದಾನ. ಗೂಟಾ ಹೊಡಿಯಾಕ ಮಂದಿ ಬೇಕಂತ."

"ಅಕ್ಕಿ ತೂಗೂ ಕೈಲೆ ಗೂಟಾ ಹೊಡೀತೀ?"

"ಕಲೀತೀನಿ."

ಅವಳ ತುಟಿಯ ಕೊನೆ ಅವಳ ಮಾತು ಕೇಳದೆ ಸ್ವಲ್ಪ ಮೇಲೆದ್ದಿತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದರು.

"ಒಳಗ ಕರಿ ಅವನ್ನ!" ಮಾಳವ್ವನ ದನಿ ಓಣಿಯ ತುದಿಗೂ ಮುಟ್ಟಿತು. "ರೊಟ್ಟಿ ಆರಾಕತ್ತಾವ!"

ಕಳಕಮ್ಮ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.

"ಬಾ. ಖರೆ ಒಂದು ಮಾತು. ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಕಾಣ್ತೈತಿ."

"ಭಾಳ ದಿನ ಇರತೈತಿ."

"ಇರ್ಲಿ," ಎಂದ ಹಂಪಣ್ಣ, ಕೆಸರಿನ ಚಪ್ಪಲಿ ಬಿಡುತ್ತ. "ನಾನೂ ಇರ್ತೀನಿ."